ನಿರಾಶ್ರಿತ ಮಕ್ಕಳ ಶಿಕ್ಷಣ: ನಮ್ಮ ದಾನದ ಪಟ್ಟಿಯಲ್ಲಿ ಬಿಟ್ಟುಹೋದ ಸಾಲು

ರಮಝಾನ್ ಸಮೀಪಿಸಿದಂತೆ ನಮ್ಮ ಮೊಹಲ್ಲಾಗಳಲ್ಲಿ ಒಂದು ಪಟ್ಟಿ ಸಿದ್ಧವಾಗುತ್ತದೆ. ಅಕ್ಕಿ 10 ಕಿಲೋ, ಗೋಧಿಹಿಟ್ಟು 5 ಕಿಲೋ, ತೊಗರಿಬೇಳೆ, ಎಣ್ಣೆ, ಸಕ್ಕರೆ, ಖರ್ಜೂರ. ಊರಿನ ಬಡ ಕುಟುಂಬಕ್ಕೆ ಕೊಡುವ ಕಿಟ್ಟಿನ ಪಟ್ಟಿಯೂ ಇದೇ, ನಿರಾಶ್ರಿತರಿಗೆಂದು ಹಣ ಸಂಗ್ರಹಿಸುವಾಗ ಲೆಕ್ಕ ಹಾಕುವ ಪಟ್ಟಿಯೂ ಇದೇ. 2017ರಲ್ಲಿ ಮ್ಯಾನ್ಮಾರ್‌ನ ರಖೈನ್ ಪ್ರಾಂತದಿಂದ ರೋಹಿಂಗ್ಯಾ ಮುಸ್ಲಿಮರನ್ನು ಹೊರದಬ್ಬಿದಾಗ, ಜುಮುಅ ನಮಾಝಿನ ಬಳಿಕ ಮಸೀದಿಯ ಬಾಗಿಲಲ್ಲಿ ಹಾಸಿದ ಬಟ್ಟೆಯ ಮೇಲೆ ಜನರು ಹಾಕಿದ ನೋಟುಗಳನ್ನು ನಾವು ಕುಳಿತು ಎಣಿಸಿದ್ದೇವೆ. ದಿನಗೂಲಿಯವರು ಕೂಡ ಅಂದು ಕೈ ಹಿಡಿಯಲಿಲ್ಲ. ಆ ಔದಾರ್ಯವನ್ನು ಹಗುರ ಮಾಡುವ ಉದ್ದೇಶ ನಮಗಿಲ್ಲ. ಆದರೆ ಅಂದು ತಾಯಿಯ ಸೊಂಟದ ಮೇಲೆ ಕುಳಿತು ನಾಫ್ ನದಿಯನ್ನು ದಾಟಿದ ಎರಡು ವರ್ಷದ ಕೂಸಿಗೆ ಈಗ ಹತ್ತು ವರ್ಷ ದಾಟಿದೆ. ನಮ್ಮ ಪಟ್ಟಿ ಮಾತ್ರ ಹಾಗೆಯೇ ಇದೆ. ಅದರಲ್ಲಿ ಇಂದಿಗೂ ಸ್ಲೇಟಿಲ್ಲ, ಪುಸ್ತಕವಿಲ್ಲ, ಶಿಕ್ಷಕನ ಸಂಬಳವಿಲ್ಲ.

ಆ ಮಕ್ಕಳ ಕಲಿಕೆಯ ಕಥೆಯನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿಲ್ಲವಾದುದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. 2017ರ ಆಗಸ್ಟ್ 25ರ ನಂತರದ ಕೆಲವೇ ತಿಂಗಳುಗಳಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನರು ಬಾಂಗ್ಲಾದೇಶದ ಕಾಕ್ಸ್ ಬಝಾರ್ ಜಿಲ್ಲೆಗೆ ಬಂದು ಸೇರಿದರು. ಉಖಿಯಾ ಮತ್ತು ತೆಕ್ನಾಫ್ ಪ್ರದೇಶದ ಗುಡ್ಡಗಳನ್ನು ಬೋಳಿಸಿ ಬಿದಿರು, ಟಾರ್ಪಾಲುಗಳ ಶಿಬಿರಗಳು ಎದ್ದವು. ಅಲ್ಲಿರುವವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮಕ್ಕಳು. ಈ ಮಕ್ಕಳ ಪಾಲಿಗೆ ಶಾಲೆಯ ಬಾಗಿಲು ಮುಚ್ಚಿದ್ದು ಶಿಬಿರಕ್ಕೆ ಬಂದ ಮೇಲೆ ಅಲ್ಲ. 1982ರ ಪೌರತ್ವ ಕಾನೂನು ಅವರ ಜನಾಂಗವನ್ನೇ ದೇಶದ ಲೆಕ್ಕದಿಂದ ಹೊರಗಿಟ್ಟಿತ್ತು. 2012ರ ಹಿಂಸಾಚಾರದ ಬಳಿಕ ಸಿಟ್ವೆ ವಿಶ್ವವಿದ್ಯಾನಿಲಯದ ಬಾಗಿಲು ರೋಹಿಂಗ್ಯಾ ಯುವಕರಿಗೆ ಮುಚ್ಚಿತ್ತು. ಅಂದರೆ ಗಡಿ ದಾಟಿ ಬಂದ ತಂದೆತಾಯಿಗಳಲ್ಲಿ ಅನೇಕರು ಸ್ವತಃ ಅಕ್ಷರದಿಂದ ವಂಚಿತರಾದವರು.

ಬಾಂಗ್ಲಾದೇಶವು ಅವರಿಗೆ ನೆಲೆ ಕೊಟ್ಟಿತು. ತಾನೇ ಬಡತನದೊಂದಿಗೆ ಹೋರಾಡುತ್ತಿರುವ ದೇಶವೊಂದು ಇಷ್ಟು ಜನರನ್ನು ಒಳಗೆ ಬಿಟ್ಟುಕೊಂಡದ್ದು ಸಣ್ಣ ಸಂಗತಿಯಲ್ಲ, ಅದನ್ನು ಮರೆತು ಟೀಕಿಸುವುದು ಕೃತಘ್ನತೆಯಾಗುತ್ತದೆ. ಆದರೂ ಆ ಮಕ್ಕಳು ಅಲ್ಲಿಯೇ ಬೇರೂರಿಬಿಡಬಾರದೆಂಬ ಎಚ್ಚರದಿಂದ ಸರಕಾರವು ಬಂಗಾಳಿ ಪಠ್ಯಕ್ರಮವನ್ನು ಕಲಿಸಲು ಒಪ್ಪಲಿಲ್ಲ, ಪಕ್ಕಾ ಕಟ್ಟಡಗಳಿಗೂ ಅನುಮತಿ ಕೊಡಲಿಲ್ಲ. ಹೀಗಾಗಿ ಬಿದಿರಿನ ಗೋಡೆಯ ಕಲಿಕಾ ಕೇಂದ್ರಗಳಲ್ಲಿ ಅನೌಪಚಾರಿಕ ಪಾಠಗಳಷ್ಟೇ ನಡೆದವು. 2020ರ ಜನವರಿಯಲ್ಲಿ ಮ್ಯಾನ್ಮಾರ್ ಪಠ್ಯಕ್ರಮಕ್ಕೆ ಒಪ್ಪಿಗೆ ಸಿಕ್ಕಿತು. ಅಷ್ಟರಲ್ಲಿ ಕೊರೊನಾ ಬಂದು ಕೇಂದ್ರಗಳೆಲ್ಲ ಮುಚ್ಚಿದವು. ಆ ಪಠ್ಯಕ್ರಮದ ಪ್ರಯೋಗ ಆರಂಭವಾಗಬೇಕಾದರೆ 2021ರ ಕೊನೆ ಬರಬೇಕಾಯಿತು. ವಿಚಿತ್ರವೆಂದರೆ, ಅದೇ ಡಿಸೆಂಬರಿನಲ್ಲಿ ನಿರಾಶ್ರಿತರು ತಾವೇ ನಡೆಸುತ್ತಿದ್ದ ಶಾಲೆಗಳನ್ನು ಅಧಿಕಾರಿಗಳು ಮುಚ್ಚಿಸತೊಡಗಿದರು. ಮಾಸ್ಟರ್ ಎಂದೇ ಶಿಬಿರದ ಜನ ಕರೆಯುತ್ತಿದ್ದ ಮುಹಿಬುಲ್ಲಾರು ಹುಟ್ಟುಹಾಕಿದ ಶಾಲೆಯೂ 2022ರ ಮಾರ್ಚಿನಲ್ಲಿ ಮುಚ್ಚಿತು. ಊರಿನಲ್ಲಿ ಶಿಕ್ಷಕರಾಗಿದ್ದ, ಶಿಬಿರದಲ್ಲಿ ತನ್ನ ಜನರ ದನಿಯಾಗಿದ್ದ ಆ ಮನುಷ್ಯನನ್ನು ಅದಕ್ಕೂ ಆರು ತಿಂಗಳು ಮೊದಲೇ, 2021ರ ಸೆಪ್ಟೆಂಬರ್ 29ರ ರಾತ್ರಿ, ಶಿಬಿರದೊಳಗೆ ಗುಂಡಿಕ್ಕಿ ಕೊಂದಿದ್ದರು.

ಇಷ್ಟೆಲ್ಲ ಆದ ಮೇಲೂ ಕಲಿಕೆ ಮುಂದುವರಿದಿತ್ತು. ಒಂದೊಂದು ಕೇಂದ್ರದಲ್ಲಿ ಬರ್ಮೀ ಭಾಷೆ ಕಲಿಸುವ ಒಬ್ಬ ರೋಹಿಂಗ್ಯಾ ಶಿಕ್ಷಕ, ಇಂಗ್ಲಿಷ್ ಕಲಿಸುವ ಒಬ್ಬ ಸ್ಥಳೀಯ ಬಾಂಗ್ಲಾ ಶಿಕ್ಷಕ ಎಂಬಂತೆ ವ್ಯವಸ್ಥೆಯಿತ್ತು. 2025ರಲ್ಲಿ ಶ್ರೀಮಂತ ದೇಶಗಳು ನೆರವನ್ನು ಕಡಿತಗೊಳಿಸಿದವು. ಜೂನ್ ತಿಂಗಳಲ್ಲಿ ಯುನಿಸೆಫ್ ತನ್ನ ಕೇಂದ್ರಗಳ ತರಗತಿಗಳನ್ನು ನಿಲ್ಲಿಸಬೇಕಾಯಿತು. ಸುಮಾರು 2,30,000 ಮಕ್ಕಳ ಕಲಿಕೆಗೆ ಪೆಟ್ಟು ಬಿದ್ದಿತು, ಸಾವಿರಕ್ಕಿಂತ ಹೆಚ್ಚು ಸ್ಥಳೀಯ ಶಿಕ್ಷಕರು ಕೆಲಸ ಕಳೆದುಕೊಂಡರು. ಆ ವಾರ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಈ ಸುದ್ದಿಯನ್ನು ಯಾರಾದರೂ ಹಂಚಿಕೊಂಡರೇ ಎಂದು ನಾವು ನೋಡಿದೆವು. ಒಬ್ಬರೂ ಹಂಚಿರಲಿಲ್ಲ. 2023ರಲ್ಲಿ ಶಿಬಿರದ ಪಡಿತರವನ್ನು ತಲೆಗೆ ತಿಂಗಳಿಗೆ 12 ಡಾಲರಿನಿಂದ 10ಕ್ಕೆ, ಮತ್ತೆ 8ಕ್ಕೆ ಇಳಿಸಿದಾಗ ಅದೇ ಗುಂಪುಗಳಲ್ಲಿ ಕಣ್ಣೀರಿನ ಸಂದೇಶಗಳು ಹರಿದಾಡಿದ್ದವು. ಹಸಿವಿನ ಸುದ್ದಿ ನಮ್ಮನ್ನು ತಟ್ಟುತ್ತದೆ. ಶಾಲೆ ಮುಚ್ಚಿದ ಸುದ್ದಿ ನಮಗೆ ಸುದ್ದಿಯೇ ಅಲ್ಲ.

ಮೊದಲು ಜೀವ ಉಳಿಯಲಿ, ಓದು ಆಮೇಲೆ ಎಂದು ಹೇಳುವವರಿದ್ದಾರೆ. ಕೇಳಲು ಇದು ವಿವೇಕದ ಮಾತಿನಂತಿದೆ. ಆದರೆ ಆ 'ಆಮೇಲೆ' ಎಂಬುದು ಯಾವಾಗ? ಶಿಬಿರದ ಬದುಕು ಒಂದು ಮಳೆಗಾಲದ ಪ್ರವಾಹದಂತೆ ಬಂದು ಇಳಿದುಹೋಗುವುದಲ್ಲ. ಎಂಟು ವರ್ಷಗಳೆಂದರೆ ಒಂದು ಮಗುವಿನ ಇಡೀ ಶಾಲಾ ಜೀವನ. ನಾವು 'ಆಮೇಲೆ' ಎಂದು ಹೇಳುತ್ತಿರುವಾಗಲೇ ಒಂದು ಪೀಳಿಗೆ ಅಕ್ಷರವಿಲ್ಲದೆ ಪ್ರಾಯಕ್ಕೆ ಬಂದಾಯಿತು. ಅಷ್ಟೇ ಅಲ್ಲ, ತರಗತಿಯೆಂಬುದು ಆ ಮಕ್ಕಳ ಜೀವವನ್ನು ನೇರವಾಗಿಯೇ ಕಾಯುತ್ತದೆ. ಶಾಲೆಗೆ ಹೋಗುವ ಹುಡುಗನನ್ನು ದಿನವೂ ಒಬ್ಬರು ಹೆಸರು ಹಿಡಿದು ಕರೆಯುತ್ತಾರೆ. ಅವನು ಒಂದು ದಿನ ಬಾರದಿದ್ದರೆ ಕೇಳುವವರಿರುತ್ತಾರೆ. ಮಕ್ಕಳನ್ನು ಪುಸಲಾಯಿಸಿ ದೋಣಿ ಹತ್ತಿಸುವ ದಲ್ಲಾಳಿಗಳಿಗೂ, ಕೈಗೆ ಬಂದೂಕು ಕೊಡುವ ಗುಂಪುಗಳಿಗೂ ಬೇಕಾಗಿರುವುದು ಯಾರೂ ಹೆಸರು ಕರೆಯದ ಹುಡುಗ. ಹನ್ನೆರಡರ ಹುಡುಗಿಯ ವಿಷಯದಲ್ಲಿಯೂ ಹಾಗೆಯೇ. ಶಾಲೆ ಬಿಟ್ಟ ಮರುವರ್ಷವೇ ಅವಳ ಮದುವೆಯ ಮಾತು ಏಳುತ್ತದೆ.

ಮನಸ್ಸಿನ ಮಾತನ್ನು ನಾವು ಇನ್ನೂ ಕಡಿಮೆ ಆಡುತ್ತೇವೆ. 2017ರಲ್ಲಿ ಶಿಬಿರದ ಮಕ್ಕಳ ಕೈಗೆ ಬಣ್ಣದ ಪೆನ್ಸಿಲು ಕೊಟ್ಟಾಗ ಅವರು ಬರೆದ ಚಿತ್ರಗಳು ಪತ್ರಿಕೆಗಳಲ್ಲಿ ಬಂದಿದ್ದವು. ಉರಿಯುವ ಮನೆಗಳು, ಹೆಲಿಕಾಪ್ಟರುಗಳು, ಬಂದೂಕು ಹಿಡಿದವರು. ನಮ್ಮ ಮನೆಯ ಮಕ್ಕಳು ಅದೇ ವಯಸ್ಸಿನಲ್ಲಿ ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನ ಮರ ಬರೆಯುತ್ತಾರೆ. ಅಂತಹ ಚಿತ್ರವನ್ನು ಬರೆದ ಮಗುವಿಗೆ 10 ಕಿಲೋ ಅಕ್ಕಿ ಎಷ್ಟು ಅಗತ್ಯವೋ, ಪ್ರತಿದಿನ ಒಂದೇ ಸಮಯಕ್ಕೆ ಒಂದೇ ಜಾಗದಲ್ಲಿ ನಗುಮುಖದಿಂದ ಬರಮಾಡಿಕೊಳ್ಳುವ ಒಬ್ಬ ಹಿರಿಯನೂ ಅಷ್ಟೇ ಅಗತ್ಯ. ಇಪ್ಪತ್ತು ವರ್ಷಗಳಿಂದ ಮಕ್ಕಳ ಮುಂದೆ ನಿಂತಿರುವ ನಾವು ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ತಂದೆಯನ್ನು ಕಳೆದುಕೊಂಡ ಮಗು ಮೊದಲ ಒಂದು ತಿಂಗಳು ಪಾಠ ಒಪ್ಪಿಸುವುದಿಲ್ಲ, ಆದರೆ ತರಗತಿಗೆ ಬರುವುದನ್ನು ತಪ್ಪಿಸುವುದೂ ಇಲ್ಲ. ಮೂಲೆಯಲ್ಲಿ ಕುಳಿತು ಉಳಿದವರ ದನಿಯನ್ನು ಕೇಳುತ್ತಿರುತ್ತದೆ. ಅದಕ್ಕೆ ಅಷ್ಟೇ ಸಾಕಾಗಿರುತ್ತದೆ.

ಪ್ರವಾದಿವರ್ಯರ(ಸ) ಜೀವನದಲ್ಲಿ ಒಂದು ಪುಟ್ಟ ಘಟನೆಯಿದೆ. ಹಿಜ್ರತ್‌ನ ಕುರಿತು ಗಂಟೆಗಟ್ಟಲೆ ಭಾಷಣ ಮಾಡುವ ನಾವು ಇದನ್ನು ಏಕೋ ಹೇಳುವುದೇ ಇಲ್ಲ. ಮಕ್ಕಾದ ಹಿಂಸೆಯನ್ನು ತಾಳಲಾರದೆ ಮುಸ್ಲಿಮರ ಒಂದು ಗುಂಪು ಕ್ರಿ.ಶ. 615ರ ಸುಮಾರಿಗೆ ಕೆಂಪು ಸಮುದ್ರವನ್ನು ದಾಟಿ ಅಬಿಸೀನಿಯಾದಲ್ಲಿ ಆಶ್ರಯ ಪಡೆಯಿತು. ನಜಾಶಿಯ ನ್ಯಾಯಬುದ್ಧಿ, ಜಅಫರ್(ರ)ರ ದಿಟ್ಟ ಮಾತು ನಮಗೆಲ್ಲ ಗೊತ್ತು. ಆದರೆ ಅಲ್ಲಿಯೇ ಮಕ್ಕಳು ಹುಟ್ಟಿದರು, ಬೆಳೆದರು. ಅವರಲ್ಲಿ ಕೆಲವರು ಮದೀನಾವನ್ನು ಕಂಡದ್ದು ವರ್ಷಗಳ ಬಳಿಕ. ಅಂತಹ ಮಕ್ಕಳಲ್ಲಿ ಉಮ್ಮು ಖಾಲಿದ್(ರ) ಒಬ್ಬರು. ತಂದೆಯೊಂದಿಗೆ ಪ್ರವಾದಿವರ್ಯರ(ಸ) ಸನ್ನಿಧಿಗೆ ಬಂದಾಗ ಇನ್ನೂ ಪುಟ್ಟ ಹುಡುಗಿ. ಅವಳ ಉಡುಪನ್ನು ನೋಡಿ ಪ್ರವಾದಿವರ್ಯರು(ಸ) ಚೆನ್ನಾಗಿದೆ ಎಂದು ಮೆಚ್ಚಿದರು. ಆದರೆ ಹಾಗೆ ಮೆಚ್ಚಿದ್ದು ಅರಬಿ ಪದದಿಂದಲ್ಲ, ಅವಳು ಹುಟ್ಟಿ ಬೆಳೆದ ಅಬಿಸೀನಿಯಾದ ಭಾಷೆಯ ಪದದಿಂದ. ಹುಡುಗಿ ಸಲಿಗೆಯಿಂದ ಅವರ ಬೆನ್ನ ಮೇಲಿನ ಪ್ರವಾದಿತ್ವದ ಮುದ್ರೆಯನ್ನು ಮುಟ್ಟಿ ಆಡತೊಡಗಿದಾಗ ತಂದೆ ಗದರಿಸಿದರು. ಅವಳನ್ನು ಬಿಟ್ಟುಬಿಡುವಂತೆ ಪ್ರವಾದಿವರ್ಯರು(ಸ) ತಂದೆಗೇ ಹೇಳಿದರು. ಇಮಾಮ್ ಬುಖಾರಿಯವರು ಇದನ್ನು ವರದಿ ಮಾಡಿದ್ದಾರೆ.

ಪರಕೀಯ ನಾಡಿನಲ್ಲಿ ಹುಟ್ಟಿದ ಮಗುವಿನ ಅಂಜಿಕೆಯನ್ನು ಕಳೆಯಲು ಏನೇನು ಬೇಕೋ ಅದೆಲ್ಲ ಈ ಒಂದು ಭೇಟಿಯಲ್ಲಿದೆ. ಅವಳಿಗೆ ತಿಳಿಯುವ ಭಾಷೆಯ ಒಂದು ಮಾತು, ಒಂದು ಮೆಚ್ಚುಗೆ, ಆಡಲು ಒಂದು ಬಿಡುವು. ಅಕ್ಷರದ ವಿಷಯಕ್ಕೆ ಬಂದರೆ ಬದ್ರ್‌ನ ಕೈದಿಗಳ ಪ್ರಸಂಗವನ್ನು ನಾವು ಮದ್ರಸಾದ ಮೂರನೇ ತರಗತಿಯಲ್ಲಿಯೇ ಕಲಿಸುತ್ತೇವೆ. ಬಿಡುಗಡೆಯ ಹಣ ಕೊಡಲಾರದ, ಆದರೆ ಓದುಬರಹ ಬಲ್ಲ ಕೈದಿಗಳು ತಲಾ ಹತ್ತು ಮಕ್ಕಳಿಗೆ ಬರಹ ಕಲಿಸಿ ಬಿಡುಗಡೆ ಹೊಂದಬಹುದಿತ್ತು. ಅಂದಿನ ಮದೀನಾವನ್ನು ನೆನಪಿಸಿಕೊಳ್ಳಿ. ಅದು ಮನೆಮಾರು ಬಿಟ್ಟು ಬಂದ ಮುಹಾಜಿರರಿಂದ ತುಂಬಿದ್ದ, ಎರಡು ಹೊತ್ತಿನ ಊಟಕ್ಕೆ ಪರದಾಡುತ್ತಿದ್ದ ಊರು. ಸುಫ್ಫಾದ ನೆರಳಿನಲ್ಲಿ ಹಸಿದು ಮಲಗುವವರಿದ್ದರು. ಮೊದಲು ಹೊಟ್ಟೆ, ಆಮೇಲೆ ಅಕ್ಷರ ಎಂಬ ವಾದ ಎಲ್ಲಿಯಾದರೂ ಸಲ್ಲುವುದಿದ್ದರೆ ಅಲ್ಲಿ ಸಲ್ಲಬೇಕಿತ್ತು.

ಇನ್ನು ಹಣದ ಪ್ರಶ್ನೆ. ಝಕಾತ್ ಹಣವನ್ನು ಶಾಲೆಗೆ ಕೊಡಬಹುದೇ ಎಂದು ಜನರು ನಮ್ಮನ್ನು ಕೇಳುತ್ತಾರೆ, ಬಹುಪಾಲು ಬೇಡವೆಂಬ ಉತ್ತರವನ್ನು ನಿರೀಕ್ಷಿಸಿಯೇ ಕೇಳುತ್ತಾರೆ. ಝಕಾತ್‌ನ ಎಂಟು ಬಾಬುಗಳು ಪವಿತ್ರ ಕುರ್‌ಆನಿನಲ್ಲಿ ನಿರ್ದಿಷ್ಟವಾಗಿವೆ. ಹನಫೀ ಫಿಕ್‌ಹ್‌ನ ಪ್ರಕಾರ ತಮ್ಲೀಕ್, ಅಂದರೆ ಹಣವನ್ನು ಅರ್ಹನ ಒಡೆತನಕ್ಕೆ ಒಪ್ಪಿಸುವುದು ಕಡ್ಡಾಯ. ಹೀಗಾಗಿ ಕಟ್ಟಡಕ್ಕೆ ಇಟ್ಟಿಗೆ ಕೊಳ್ಳುವುದಕ್ಕೂ ಶಿಕ್ಷಕನಿಗೆ ಸಂಬಳ ಕೊಡುವುದಕ್ಕೂ ನೇರವಾಗಿ ಝಕಾತ್ ಬಳಸುವಂತಿಲ್ಲ. ಕರಾವಳಿಯ ನಮ್ಮ ಶಾಫಿಈ ಬಂಧುಗಳಿಗೆ ಇನ್ನೊಂದು ತೊಡಕಿದೆ. ಊರಿನಲ್ಲಿ ಅರ್ಹರಿರುವಾಗ ಝಕಾತನ್ನು ಬೇರೆ ಊರಿಗೆ ಸಾಗಿಸಬಾರದೆಂಬುದು ಆ ಮದ್‌ಹಬ್‌ನ ಪ್ರಬಲ ಅಭಿಪ್ರಾಯ. ಈ ನಿಯಮಗಳನ್ನು ನಾವು ಗೌರವಿಸುತ್ತೇವೆ, ಅವುಗಳನ್ನು ಬದಿಗೆ ಸರಿಸಿರೆಂದು ಹೇಳುವವರು ನಾವಲ್ಲ. ಆದರೆ ನಿಯಮದೊಳಗೇ ಇರುವ ದಾರಿಗಳನ್ನು ನಾವು ಎಷ್ಟು ಬಳಸಿದ್ದೇವೆ? ಬಡ ನಿರಾಶ್ರಿತ ಮಗುವಿನ ಪಾಲಕರ ಕೈಗೆ ಝಕಾತ್ ಹಣವನ್ನು ಕೊಟ್ಟರೆ ಅವರು ಅದರಿಂದ ಶುಲ್ಕ ಕಟ್ಟಬಹುದು, ಪುಸ್ತಕ ಸಮವಸ್ತ್ರ ಕೊಳ್ಳಬಹುದು. ಶಿಕ್ಷಕನ ಸಂಬಳವನ್ನು ಸದಕಾದಿಂದ, ವಕ್ಫ್‌ನ ಉದ್ದೇಶಕ್ಕೆ ಒಪ್ಪುವಲ್ಲಿ ಅದರ ಆದಾಯದಿಂದ ಭರಿಸಬಹುದು. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನ್ 2019ರಲ್ಲಿ ನಿರಾಶ್ರಿತರಿಗೆಂದೇ ಝಕಾತ್ ನಿಧಿಯನ್ನು ಆರಂಭಿಸಿತು. ಗಲ್ಫ್‌ನಲ್ಲಿ ದುಡಿಯುವ ನಮ್ಮ ಸಹೋದರರು ತಾವು ನಂಬುವ ಉಲಮಾಗಳನ್ನು ವಿಚಾರಿಸಿ ಅದರ ಬಗ್ಗೆ ತೀರ್ಮಾನಿಸಲಿ. ಈ ವಿಷಯದಲ್ಲಿ ನಮಗೆ ಎದುರಾಗುವ ಅಡ್ಡಿ ಫಿಕ್‌ಹ್‌ನದ್ದಕ್ಕಿಂತ ಅಭ್ಯಾಸದ್ದು. ರಮಝಾನಿನಲ್ಲಿ ಒಮ್ಮೆ ಐದು ಸಾವಿರ ಕೊಡುವವರು ತಿಂಗಳಿಗೆ ನಾನೂರು ಕೊಡಿರೆಂದರೆ ಹಿಂಜರಿಯುತ್ತಾರೆ. ಶಿಕ್ಷಕನ ಮನೆಯ ಒಲೆ ವರ್ಷದ ಹನ್ನೆರಡು ತಿಂಗಳೂ ಉರಿಯಬೇಕಲ್ಲವೇ?

ಕಾಕ್ಸ್ ಬಝಾರ್ ದೂರ ಎನ್ನುವವರಿಗೆ ಹತ್ತಿರದ ಮಾತನ್ನೇ ಹೇಳೋಣ. ಹೈದರಾಬಾದಿನ ಬಾಲಾಪುರದಲ್ಲಿ, ದೆಹಲಿಯ ಕಾಳಿಂದಿ ಕುಂಜದಲ್ಲಿ, ಜಮ್ಮುವಿನಲ್ಲಿ, ಮೇವಾತಿನಲ್ಲಿ ರೋಹಿಂಗ್ಯಾ ಕುಟುಂಬಗಳಿವೆ. ನಮ್ಮ ಬೆಂಗಳೂರಿನ ಅಂಚಿನಲ್ಲಿಯೂ ಕಸ ಆಯ್ದು, ಗುಜರಿ ವಿಂಗಡಿಸಿ ಬದುಕುವ ಕೆಲವು ಕುಟುಂಬಗಳಿವೆ. ಅವರು ಅಕ್ರಮ ವಲಸಿಗರಲ್ಲವೇ, ನಾವು ಕೈ ಹಾಕಿದರೆ ತೊಂದರೆಯಾಗದೇ ಎಂದು ಕಮಿಟಿಯ ಹಿರಿಯರು ಕೇಳುತ್ತಾರೆ. ಕಾಲ ಹೇಗಿದೆಯೆಂದು ಬಲ್ಲವರ ಪ್ರಶ್ನೆ ಅದು, ಅದನ್ನು ಹೇಡಿತನವೆಂದು ತಳ್ಳಿಹಾಕಲಾಗದು. ದೊಡ್ಡವರ ವಾಸ್ತವ್ಯದ ವಿವಾದ ನ್ಯಾಯಾಲಯಗಳ ಮುಂದಿದೆ, ಅದು ಅಲ್ಲಿಯೇ ತೀರ್ಮಾನವಾಗಲಿ. ಆದರೆ ಮಗುವಿನ ಓದಿನ ವಿಷಯದಲ್ಲಿ ಕಾನೂನು ಅಷ್ಟು ಮಸುಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುವುದು 6ರಿಂದ 14ರ ಪ್ರತಿಯೊಂದು ಮಗುವಿನ ಬಗ್ಗೆ, ಪ್ರತಿಯೊಬ್ಬ ಪ್ರಜೆಯ ಬಗ್ಗೆ ಅಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು ಅದರ 14ನೇ ಸೆಕ್ಷನ್ ಹೇಳುತ್ತದೆ. ಶಾಲೆಯ ಮುಖವನ್ನೇ ಕಾಣದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದು 4ನೇ ಸೆಕ್ಷನ್ ಹೇಳುತ್ತದೆ. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ದೆಹಲಿಯ ರೋಹಿಂಗ್ಯಾ ಮಕ್ಕಳ ಪ್ರಕರಣ ಬಂದಾಗ, ಮಕ್ಕಳು ಸರಕಾರಿ ಶಾಲೆಗೆ ಹೋಗಿ ಪ್ರವೇಶ ಕೇಳಲಿ, ನಿರಾಕರಿಸಿದರೆ ಹೈಕೋರ್ಟಿಗೆ ಹೋಗಬಹುದು ಎಂದು ನ್ಯಾಯಾಲಯ ಹೇಳಿತು. ಆದರೆ ಗುಜರಿ ಆಯುವ ತಾಯಿಯೊಬ್ಬಳು ಮುಖ್ಯೋಪಾಧ್ಯಾಯರ ಕೊಠಡಿಗೆ ಒಬ್ಬಳೇ ಹೋಗಿ ಸೆಕ್ಷನ್ ಹೇಳಿಯಾಳೇ? ಭಾಷೆ ಬಲ್ಲ, ಅರ್ಜಿ ತುಂಬಬಲ್ಲ, ಮರ್ಯಾದೆಯಿಂದ ಮಾತನಾಡಬಲ್ಲ ಒಬ್ಬರು ಅವಳ ಜೊತೆಗಿರಬೇಕು. ಅದಕ್ಕೆ ಹಣ ಬೇಡ, ಒಂದು ಬೆಳಗಿನ ಸಮಯ ಸಾಕು.

ನಿರಾಶ್ರಿತರ ಮಕ್ಕಳಿಗೆ ಓದು ಕೊಡುವುದು ಈ ನಾಡಿಗೆ ಹೊಸದೂ ಅಲ್ಲ. ಅರುವತ್ತರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯ ಕಾಡಂಚಿನಲ್ಲಿ ಟಿಬೆಟನ್ನರಿಗೆ ನೆಲ ಕೊಟ್ಟಿತು, ಬಳಿಕ ಮುಂಡಗೋಡಿನಲ್ಲಿಯೂ ಕೊಟ್ಟಿತು. ಅವರ ಮಕ್ಕಳ ಶಾಲೆಗಳಿಗೆಂದೇ ಕೇಂದ್ರ ಸರಕಾರ 1961ರಲ್ಲಿ ಪ್ರತ್ಯೇಕ ಆಡಳಿತ ಸಂಸ್ಥೆಯನ್ನು ಸ್ಥಾಪಿಸಿತು. ಅಲ್ಲಿನ ಮಕ್ಕಳು ತಮ್ಮ ಭಾಷೆಯನ್ನೂ ಉಳಿಸಿಕೊಂಡರು, ಈ ನೆಲದ ಶಾಲೆಯನ್ನೂ ಓದಿದರು. ಮೈಸೂರು ಕಡೆಯ ಓದುಗರಲ್ಲಿ ಬೈಲಕುಪ್ಪೆಯವರ ಬಾಯಲ್ಲಿ ಅಚ್ಚ ಕನ್ನಡ ಕೇಳಿದವರು ಬೇಕಷ್ಟಿದ್ದಾರೆ. ಒಂದು ಸಮುದಾಯಕ್ಕೆ ಸಾಧ್ಯವಾದದ್ದು ಮತ್ತೊಂದಕ್ಕೆ ಏಕಿಲ್ಲ ಎಂಬ ರಾಜಕೀಯ ಪ್ರಶ್ನೆಯನ್ನು ಇಲ್ಲಿ ಬೆಳೆಸುವುದಿಲ್ಲ, ಅದಕ್ಕೆ ಬೇರೆಯೇ ಲೇಖನ ಬೇಕು. ಭಾಷೆಯ ಮಾತನ್ನಷ್ಟೇ ಹೇಳುತ್ತೇವೆ. ರೋಹಿಂಗ್ಯಾ ಮಗು ಮನೆಯಲ್ಲಿ ತನ್ನ ಭಾಷೆ ಆಡುತ್ತದೆ, ಶಾಲೆಯಲ್ಲಿ ಇನ್ನೊಂದನ್ನು ಕೇಳುತ್ತದೆ. ಆ ಭಾಷೆಗೆ ಬರಹವೇ ಇಲ್ಲವೆಂದು ನಾವು ತಿಳಿದಿದ್ದೆವು, ಅದು ನಮ್ಮ ಅಜ್ಞಾನ. ಹನೀಫ್ ಎಂಬ ವಿದ್ವಾಂಸರು 1980ರ ದಶಕದಲ್ಲಿ ಅದಕ್ಕೆ ರೂಪಿಸಿದ ಲಿಪಿ 2018ರಲ್ಲಿ ಯೂನಿಕೋಡಿಗೂ ಸೇರಿದೆ. ಮನೆಯಲ್ಲಿ ಉರ್ದು, ಬ್ಯಾರಿ ಅಥವಾ ನವಾಯತಿ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಮದ್ರಸಾದಲ್ಲಿ ಅರಬಿ ಓದಿದ ನಮಗಿಂತ ಚೆನ್ನಾಗಿ ಆ ಮಗುವಿನ ತೊಡಕು ಯಾರಿಗೆ ಅರ್ಥವಾದೀತು? ಕನ್ನಡ ಪದವಿಯ ಮೊದಲ ವರ್ಷದಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ನಡುವೆ ನಾವು ಎಡವಿದ್ದನ್ನು ಇಂದಿಗೂ ಮರೆತಿಲ್ಲ.

ನಮ್ಮದೇ ಮನೆಯ ಒಂದು ತಪ್ಪನ್ನೂ ಹೇಳದಿದ್ದರೆ ಈ ಲೇಖನ ಅಪ್ರಾಮಾಣಿಕವಾಗುತ್ತದೆ. ನಿರಾಶ್ರಿತ ಹುಡುಗನೊಬ್ಬ ಕಣ್ಣಿಗೆ ಬಿದ್ದ ತಕ್ಷಣ ಅವನನ್ನು ದೂರದ ಯಾವುದಾದರೂ ವಸತಿ ಮದ್ರಸಾಕ್ಕೆ ಸೇರಿಸಿ, ಊಟ ವಸತಿಯ ಚಿಂತೆ ಮುಗಿಯಿತು, ಹಾಫಿಝ್ ಆಗಿ ಹೊರಬರುತ್ತಾನೆ ಎಂದು ಸಮಾಧಾನ ಪಡುವುದು ನಮ್ಮಲ್ಲಿದೆ. ಮದ್ರಸಾದ ಅನ್ನ ಉಂಡು ಬೆಳೆದವರು ನಾವು, ಅದರ ಋಣ ನಮ್ಮ ಮೇಲಿದೆ. ಶಿಬಿರಗಳಲ್ಲಿ ಕೇಂದ್ರಗಳು ಮುಚ್ಚಿದಾಗಲೂ ಮಕ್ತಬ್‌ಗಳ ಓದಿನ ದನಿ ನಿಲ್ಲಲಿಲ್ಲವೆಂಬುದೂ ಸತ್ಯ. ಆದರೂ ಮನೆ, ಊರು, ನೆರೆಹೊರೆ ಎಲ್ಲವನ್ನೂ ಒಮ್ಮೆ ಕಳೆದುಕೊಂಡ ಎಂಟು ವರ್ಷದ ಹುಡುಗನಿಗೆ ಉಳಿದಿರುವುದು ತಾಯಿ ಒಬ್ಬಳೇ. ಅವನನ್ನು ಅವಳಿಂದಲೂ ಬಿಡಿಸುವುದು ಯಾವ ಸಹಾಯ? ಕೆಲವು ವರ್ಷಗಳ ಹಿಂದೆ ಹಾಗೆ ಬಂದ ಒಬ್ಬ ಹುಡುಗ ನಮ್ಮ ತರಗತಿಯಲ್ಲಿದ್ದ. ಸಬಕ್ ಚೆನ್ನಾಗಿಯೇ ಒಪ್ಪಿಸುತ್ತಿದ್ದ. ರಾತ್ರಿ ಮಾತ್ರ ತನ್ನ ಚೀಲಕ್ಕೆ ತಲೆಯಿಟ್ಟೇ ಮಲಗುತ್ತಿದ್ದ, ಯಾರು ಹೇಳಿದರೂ ಅದನ್ನು ಪೆಟ್ಟಿಗೆಯಲ್ಲಿ ಇಡಲು ಒಪ್ಪುತ್ತಿರಲಿಲ್ಲ. ಎಲ್ಲಿಗೋ ಹೊರಡಲು ಸಿದ್ಧನಾಗಿರುತ್ತಿದ್ದ. ನಾವು ಅದನ್ನು ಶಿಸ್ತಿನ ಕೊರತೆಯೆಂದು ಗದರಿಸಿದೆವು. ಒಂದು ಈದ್‌ಗೆ ಮನೆಗೆ ಹೋದವನು ಮರಳಿ ಬರಲಿಲ್ಲ, ನಾವು ವಿಚಾರಿಸಲೂ ಇಲ್ಲ. ಈಗ ಆ ಕುಟುಂಬ ಎಲ್ಲಿದೆಯೆಂದು ಹೇಳಬಲ್ಲವರು ಯಾರೂ ಸಿಗುತ್ತಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಹೀಗಿದೆ. ಮಗು ತಾಯಿಯ ಬಳಿಯೇ ಇರಲಿ. ಹಗಲು ಸರಕಾರಿ ಶಾಲೆಗೆ ಹೋಗಲಿ, ಸಂಜೆ ಮಸೀದಿಯ ಮಕ್ತಬ್‌ಗೆ ಬರಲಿ. ಹೆಣ್ಣುಮಕ್ಕಳ ವಿಷಯದಲ್ಲಿ ಕಾಕ್ಸ್ ಬಝಾರಿನ ಅನುಭವ ನಮಗೆ ಪಾಠವಾಗಬೇಕು. ಪ್ರಾಯಕ್ಕೆ ಬಂದ ಹುಡುಗಿಯರನ್ನು ಪಾಲಕರು ಕಳುಹಿಸುವುದನ್ನು ನಿಲ್ಲಿಸಿದಾಗ ಅಲ್ಲಿ ಭಾಷಣ ಮಾಡುತ್ತ ಕೂರಲಿಲ್ಲ. ಹುಡುಗಿಯರಿಗೆಂದೇ ಪ್ರತ್ಯೇಕ ತರಗತಿ ಇಟ್ಟರು, ಮನೆಯಿಂದ ಕೇಂದ್ರದವರೆಗೆ ಜೊತೆಯಲ್ಲಿ ನಡೆದುಬರಲು ಹಿರಿಯ ಹೆಂಗಸರನ್ನು ನೇಮಿಸಿದರು. ಎಷ್ಟೋ ಹುಡುಗಿಯರು ಮರಳಿ ಬಂದರು. ನಮ್ಮ ಮೊಹಲ್ಲಾದ ನಿವೃತ್ತ ಟೀಚರುಗಳು, ಬಿ.ಎಡ್. ಮುಗಿಸಿ ಮನೆಯಲ್ಲಿರುವ ಸಹೋದರಿಯರು ವಾರಕ್ಕೆ ಮೂರು ಮಧ್ಯಾಹ್ನಗಳನ್ನು ಕೊಟ್ಟರೆ ಅಂತಹ ಒಂದು ತರಗತಿ ಯಾರ ಅನುಮತಿಗೂ ಕಾಯದೆ ನಡೆದೀತು. ದಯವಿಟ್ಟು ಫೋಟೋ ಮಾತ್ರ ಬೇಡ. ಕಿಟ್ ಹಂಚುವಾಗ ಬಡವರನ್ನು ಸಾಲಾಗಿ ನಿಲ್ಲಿಸಿ ಚಿತ್ರ ತೆಗೆಯುವ ಚಾಳಿಯನ್ನು ಪುಸ್ತಕ ಹಂಚುವಲ್ಲಿಗೂ ತರುವುದಾದರೆ, ಗುರುತು ಹೊರಬಿದ್ದರೆ ಏನಾದೀತೋ ಎಂದು ಹೆದರಿ ಬದುಕುವ ಆ ತಾಯಂದಿರು ಮಕ್ಕಳನ್ನು ಮರುದಿನ ಕಳುಹಿಸುವುದಿಲ್ಲ.

ನಮ್ಮ ಮಸೀದಿಯ ಕಮಿಟಿಯ ಮುಂದೆ ಈ ವಿಷಯವನ್ನು ಇಟ್ಟಿದ್ದೇವೆ. ರಮಝಾನ್ ಕಿಟ್ಟಿನ ಪಟ್ಟಿಯ ಕೆಳಗೆ ಇನ್ನೊಂದು ಸಾಲು ಸೇರಿದೆ: ಇಬ್ಬರು ಮಕ್ಕಳ ಪುಸ್ತಕ, ಚೀಲ, ಬಸ್ಸಿನ ಖರ್ಚು ಮತ್ತು ಸಂಜೆಯ ಪಾಠಕ್ಕೆ ಬರುವ ಸಹೋದರಿಗೆ ತಿಂಗಳ ಗೌರವಧನ. ಸದಕಾದಿಂದ, ಹನ್ನೆರಡು ತಿಂಗಳಿಗೆ. ಖಜಾಂಚಿಯವರು ಎರಡು ಸಲ ಕೂಡಿ ನೋಡಿ, ಒಂದು ಕುಟುಂಬದ ವರ್ಷದ ಕಿಟ್ಟಿಗಿಂತ ಇದು ಅಷ್ಟೇನೂ ಹೆಚ್ಚಲ್ಲವಲ್ಲ ಎಂದು ಆಶ್ಚರ್ಯಪಟ್ಟರು. ಜೂನ್ ಆರಂಭಕ್ಕೆ ಶಾಲೆಗಳು ತೆರೆಯುತ್ತವೆ. ಅದಕ್ಕೂ ಮೊದಲು ಮುಖ್ಯೋಪಾಧ್ಯಾಯರನ್ನು ಕಾಣಲು ಯಾರು ಹೋಗಬೇಕೆಂಬುದಷ್ಟೇ ಈಗ ಬಾಕಿ ಇದೆ.